ಗೇರ್ ಬೇಡ ಎಂದ ಆನ್ರಿ ಡೆಗ್ರಾಂಜ್

ದೇವನಹಳ್ಳಿ ಕಡೆಯಿಂದ ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸಿದವರಿಗೆ ಗೇರ್‌ನ ಬೆಲೆ ಗೊತ್ತು. ಆದರೆ ಟೂರ್ ದ ಫ್ರಾನ್ಸ್ ಶುರು ಮಾಡಿದ ಆನ್ರಿ ಡೆಗ್ರಾಂಜ್‌ಗೆ ಗೇರ್ ಕಂಡರೇ ಆಗುತ್ತಿರಲಿಲ್ಲ.

1865ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಇವರು ಮೊದಲು ವಕೀಲರ ಕಚೇರಿಯಲ್ಲಿ ಗುಮಾಸ್ತರು. ಸ್ವತಃ ಒಳ್ಳೇ ಸೈಕ್ಲಿಸ್ಟ್ ಕೂಡ. 1893ರಲ್ಲಿ ಒಂದು ಗಂಟೆಗೆ 35.325 ಕಿ.ಮೀ. ಓಡಿಸಿ ದಾಖಲೆ ಮಾಡಿದರು. ಆಮೇಲೆ ಪತ್ರಿಕಾ ಸಂಪಾದಕರಾದರು. ಪತ್ರಿಕೆಯ ಮಾರಾಟ ಹೆಚ್ಚಲಿ ಅಂತಲೇ 1903ರಲ್ಲಿ ಟೂರ್ ಶುರುವಾಗಿದ್ದು.

ಗೆಲ್ಲಬೇಕಾದ್ದು ಮನುಷ್ಯ, ಮೆಷಿನ್ ಅಲ್ಲ ಅನ್ನೋದು ಅವರ ಹಠ. ಪ್ರವಾಸಕ್ಕೆ ಹೋಗುವ ಸಾಮಾನ್ಯ ಜನರೇ ಡಿರೇಲರ್ ಬಳಸ್ತಿದ್ದ ಕಾಲದಲ್ಲೂ ಟೂರ್‌ನಲ್ಲಿ ಅದಕ್ಕೆ ನಿಷೇಧ! ಬೆಟ್ಟ ಬಂದರೆ ಸವಾರ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ದೊಡ್ಡ ಸ್ಪ್ರಾಕೆಟ್‌ಗೆ ಚೈನ್ ಕೂರಿಸಬೇಕಿತ್ತು. ರಿಪೇರಿಯೂ ಅವನದೇ. 1913ರಲ್ಲಿ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರನ ಮುಂದಿನ ಫೋರ್ಕ್ ತುರ್ಮಲೆ ಘಾಟಿಯಲ್ಲಿ ಮುರೀತು. ಸೈಕಲ್ ಹೊತ್ತು ಹತ್ತು ಕಿಲೋಮೀಟರ್‌ಗೂ ಹೆಚ್ಚು ನಡೆದು, ಹಳ್ಳಿಯೊಂದರ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬೆಸೆದ. ತಿದಿ ಒತ್ತಿದ್ದು ಮಾತ್ರ ಅಲ್ಲಿನ ಒಬ್ಬ ಹುಡುಗ. ಅದಕ್ಕೂ ಪೆನಾಲ್ಟಿ ಹಾಕಿದರು! ನನಗಂತೂ ಇದು ಶಿಸ್ತು ಅನ್ಸಲ್ಲ, ಕ್ರೌರ್ಯ ಅನ್ಸುತ್ತೆ.

1936ರಲ್ಲಿ ಅನಾರೋಗ್ಯದಿಂದ ಡೆಗ್ರಾಂಜ್ ಹೊಣೆ ಬಿಟ್ಟರು. ಮರುವರ್ಷವೇ ಟೂರ್‌ಗೆ ಡಿರೇಲರ್ ಬಂತು. 1940ರಲ್ಲಿ ಅವರು ತೀರಿಕೊಂಡರು.