ಜನರ ನುಡಿ ಕಲಿಸಿದ ಗುರು ಸ್ಟೀಫನ್ಸ್

1549ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಜನಿಸಿದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು 1579ರಲ್ಲಿ ಗೋವೆಗೆ ಬಂದು, ಸಾಲ್ಸೆಟ್ ಪ್ರಾಂತದಲ್ಲಿ ಸೇವೆ ಸಲ್ಲಿಸುತ್ತ ಕೊಂಕಣಿ, ಮರಾಠಿಗಳನ್ನು ಕರಗತ ಮಾಡಿಕೊಂಡರು. 1616ರಲ್ಲಿ ಅಚ್ಚಾದ ಅವರ ‘ಕ್ರಿಸ್ತಪುರಾಣ’ವನ್ನು ನಾವು ಬಲ್ಲೆವು, ಅವರ ಕೊಂಕಣಿ ವ್ಯಾಕರಣವನ್ನು ನೆನೆಯುವವರು ವಿರಳ.

ಜನರ ಮಾತು ತಿಳಿಯದ ಗುರು ಪಾಪನಿವೇದನೆಯನ್ನು ಆಲಿಸುವುದಾದರೂ ಹೇಗೆ? ಆದ್ದರಿಂದ ಹೊಸಬರಿಗೆ ಪರಿಚಿತವಾದ ಪೋರ್ಚುಗೀಸಿನಲ್ಲಿ ವಿವರಣೆ ನೀಡಿ, ಕೊಂಕಣಿ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆದು, ಉಚ್ಚಾರಣೆ, ನಾಮಪದ, ಕ್ರಿಯಾಪದ, ವಾಕ್ಯರಚನೆಗಳನ್ನು ತಿಳಿಸಿದರು. ತಿಳಿದುದರಿಂದ ತಿಳಿಯದುದರೆಡೆಗೆ ಸಾಗುವುದೇ ಕಲಿಕೆಯ ಕ್ರಮವಲ್ಲವೇ?

ಅವರು 1619ರಲ್ಲಿ ದೈವಾಧೀನರಾದರು. ಸಹಗುರುಗಳು ಪರಿಷ್ಕರಿಸಿದ ವ್ಯಾಕರಣವು 1640ರಲ್ಲಿ ರಾಚೋಲಿನಲ್ಲಿ ಮುದ್ರಣಗೊಂಡಿತು. 1684ರಲ್ಲಾದರೋ, ಮೂರು ವರ್ಷಗಳೊಳಗೆ ಜನರು ಕೊಂಕಣಿಯನ್ನು ತೊರೆದು ಪೋರ್ಚುಗೀಸನ್ನೇ ಆಡಬೇಕೆಂದು ಗೋವೆಯ ಆಡಳಿತ ಆಜ್ಞಾಪಿಸಿತು. ಜನರು ತೊರೆಯಲಿಲ್ಲ. ಪರರ ನುಡಿಯೆದುರು ಮೊದಲು ಶಿಷ್ಯನಾಗಿ ಕುಳಿತವನೇ ಉತ್ತಮ ಪಾಠ ರಚಿಸಬಲ್ಲನೆಂಬುದನ್ನು ಸ್ಟೀಫನ್ಸರಿಂದ ನಾವು ಅರಿಯೋಣ.