ಹಾರ್ನಿಮನ್: ಭಾರತದ ಪರ ನಿಂತು ಗಡೀಪಾರಾದ ಆಂಗ್ಲ ಸಂಪಾದಕ

ಮುಂಬೈನ ಕೋಟೆ ಪ್ರದೇಶದಲ್ಲಿ ಏಷ್ಯಾಟಿಕ್ ಸೊಸೈಟಿಯ ಭವ್ಯ ಮೆಟ್ಟಿಲುಗಳ ಎದುರಿಗೆ ವೃತ್ತಾಕಾರದ ಹಳೆಯ ಉದ್ಯಾನವೊಂದಿದೆ. ಸುತ್ತಲೂ ಕಮಾನುಗಳ ಸಾಲು, ಬ್ಯಾಂಕುಗಳ ಕಚೇರಿಗಳು, ನಡುವೆ ದೊಡ್ಡ ಮರಗಳ ನೆರಳು. ಬ್ರಿಟಿಷರ ಕಾಲದಲ್ಲಿ ಇದು ಮುಂಬೈನ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್ ಪ್ರಭುವಿನ ಹೆಸರಿನಲ್ಲಿತ್ತು. ಸ್ವಾತಂತ್ರ್ಯಾನಂತರ ಅದಕ್ಕೆ ಹಾರ್ನಿಮನ್ ಸರ್ಕಲ್ ಎಂದು ಹೆಸರಾಯಿತು. ಗವರ್ನರೊಬ್ಬನ ಹೆಸರನ್ನು ತೆಗೆದು ಆಂಗ್ಲ ವ್ಯಕ್ತಿಯ ಹೆಸರನ್ನೇ ಮತ್ತೆ ಇಟ್ಟದ್ದೇಕೆ ಎಂದು ಅಲ್ಲಿ ಓಡಾಡುವ ಅನೇಕರಿಗೆ ಅಚ್ಚರಿಯಾಗಬಹುದು. ಅದಕ್ಕೆ ಉತ್ತರ 1919ರ ಏಪ್ರಿಲ್ ತಿಂಗಳ ಒಂದು ಸರ್ಕಾರಿ ಆದೇಶದಲ್ಲಿದೆ. ಬೆಂಜಮಿನ್ ಗೈ ಹಾರ್ನಿಮನ್ ಎಂಬ ಪತ್ರಕರ್ತನನ್ನು ಭಾರತದಿಂದ ಹೊರಗಟ್ಟಿದ ಆದೇಶ ಅದು.

ಹಾರ್ನಿಮನ್ ಹುಟ್ಟಿದ್ದು 1873ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಮಗ ಆರಿಸಿಕೊಂಡದ್ದು ಪತ್ರಿಕಾವೃತ್ತಿಯನ್ನು. ಪೋರ್ಟ್ಸ್‌ಮತ್ ನಗರದ ಸಂಜೆ ಪತ್ರಿಕೆಯೊಂದರಲ್ಲಿ ಕೆಲಸ ಆರಂಭಿಸಿ, ಮ್ಯಾಂಚೆಸ್ಟರ್ ಗಾರ್ಡಿಯನ್ ಸೇರಿದಂತೆ ಕೆಲವು ಹೆಸರಾಂತ ಪತ್ರಿಕೆಗಳಲ್ಲಿ ದುಡಿದ ಬಳಿಕ 1906ರಲ್ಲಿ ಅವರು ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಗೆ ಬಂದರು. ಬಂಗಾಳದ ವಿಭಜನೆಯಾಗಿ ಆಗ ಒಂದು ವರ್ಷವಷ್ಟೇ ಕಳೆದಿತ್ತು. ಸ್ವದೇಶಿ ಚಳವಳಿ, ವಿದೇಶಿ ವಸ್ತುಗಳ ಬಹಿಷ್ಕಾರ, ಸಭೆ-ಮೆರವಣಿಗೆಗಳ ಆ ದಿನಗಳು ತರುಣ ಸಂಪಾದಕನ ಮನಸ್ಸಿನ ಮೇಲೆ ಆಳವಾದ ಪರಿಣಾಮ ಬೀರಿದವು. ಆಳುವವರ ಕಡೆಯವರಾಗಿ ಬಂದವರು ಆಳಿಸಿಕೊಳ್ಳುವವರ ಕಷ್ಟವನ್ನು ಹತ್ತಿರದಿಂದ ಕಂಡರು.

ಕ್ರಾನಿಕಲ್‌ನ ಚುಕ್ಕಾಣಿ

ಮುಂಬೈಯಲ್ಲಿ ಆ ಕಾಲಕ್ಕೆ ಪ್ರಬಲವಾಗಿದ್ದ ಆಂಗ್ಲ ಪತ್ರಿಕೆಗಳು ಸರ್ಕಾರದ ಹಾಗೂ ಐರೋಪ್ಯ ವರ್ತಕರ ಪರವಾಗಿದ್ದವು. ಭಾರತೀಯರ ಅಭಿಪ್ರಾಯಕ್ಕೊಂದು ದಿನಪತ್ರಿಕೆ ಬೇಕೆಂಬ ಹಂಬಲದಿಂದ ಕಾಂಗ್ರೆಸ್‌ನ ಹಿರಿಯ ಮುಖಂಡ ಸರ್ ಫಿರೋಜ್‌ಶಾ ಮೆಹ್ತಾ ಅವರು 1913ರಲ್ಲಿ ಬಾಂಬೆ ಕ್ರಾನಿಕಲ್ ಸ್ಥಾಪಿಸಿದರು. ಅದರ ಸಂಪಾದಕತ್ವವನ್ನು ವಹಿಸಿದ್ದು ಹಾರ್ನಿಮನ್ನರಿಗೆ. ಭಾರತೀಯರ ಬಂಡವಾಳದ, ಭಾರತೀಯರ ದನಿಯಾಗಬೇಕಿದ್ದ ಪತ್ರಿಕೆಗೆ ಆಂಗ್ಲ ಸಂಪಾದಕ! ಆದರೆ ಆ ಆಯ್ಕೆ ತಪ್ಪಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಕ್ರಾನಿಕಲ್ ಪಶ್ಚಿಮ ಭಾರತದ ರಾಷ್ಟ್ರೀಯ ಚಳವಳಿಯ ಮುಖವಾಣಿಯಾಯಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದುದರಿಂದ ಅಲ್ಲಿನ ಸರ್ಕಾರದ ನಡೆಯನ್ನು ಪ್ರಶ್ನಿಸುತ್ತಿದ್ದ ಈ ಪತ್ರಿಕೆಯ ಮಾತು ನಮ್ಮ ಉತ್ತರದ ಜಿಲ್ಲೆಗಳಿಗೂ ಸಂಬಂಧಪಟ್ಟದ್ದೇ ಆಗಿತ್ತು.

1910ರ ಪತ್ರಿಕಾ ಕಾಯ್ದೆ ಆಗ ದೇಶದ ಪತ್ರಿಕೆಗಳ ತಲೆಯ ಮೇಲೆ ತೂಗುಕತ್ತಿಯಾಗಿತ್ತು. ಬರೆದದ್ದು ಹಿತವೆನಿಸದಿದ್ದರೆ ಸರ್ಕಾರ ಮುದ್ರಣಾಲಯದಿಂದ ಠೇವಣಿ ಕೇಳುತ್ತಿತ್ತು. ಮತ್ತೆ ಬರೆದರೆ ಆ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುತ್ತಿತ್ತು. ಇದರ ವಿರುದ್ಧ ಪತ್ರಕರ್ತರನ್ನು ಒಗ್ಗೂಡಿಸಲು ಹುಟ್ಟಿದ ಭಾರತ ಪತ್ರಿಕಾ ಸಂಘದ ಅಧ್ಯಕ್ಷತೆಯನ್ನು ಹಾರ್ನಿಮನ್ನರೇ ವಹಿಸಿದರು. ತಾವು ಆಂಗ್ಲರೆಂಬ ಕಾರಣಕ್ಕೆ ತಮಗೆ ಸಿಗುತ್ತಿದ್ದ ರಿಯಾಯಿತಿಯನ್ನು ತಮ್ಮ ಭಾರತೀಯ ಸಹೋದ್ಯೋಗಿಗಳ ರಕ್ಷಣೆಗೆ ಬಳಸಿದವರು ಅವರು.

ಅನಿ ಬೆಸೆಂಟ್ ಅವರ ಹೋಂರೂಲ್ ಚಳವಳಿ ಮುಂಬೈಯಲ್ಲಿ ಬೇರೂರಿದಾಗ ಹಾರ್ನಿಮನ್ ಕೇವಲ ವರದಿಗಾರರಾಗಿ ಉಳಿಯಲಿಲ್ಲ. ಸಂಘಟನೆಯ ಉಪಾಧ್ಯಕ್ಷರಾಗಿ ವೇದಿಕೆ ಏರಿದರು. 1916ರಲ್ಲಿ ಬೆಸೆಂಟರಿಗೆ ಮುಂಬೈ ಪ್ರಾಂತ್ಯದ ಪ್ರವೇಶವನ್ನೇ ನಿಷೇಧಿಸಲಾಗಿತ್ತು. 1917ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ಉದಕಮಂಡಲದಲ್ಲಿ ನಿರ್ಬಂಧದಲ್ಲಿಟ್ಟಿತು. ಭಾರತದ ಪರ ಮಾತನಾಡುವ ಬಿಳಿಯರನ್ನು ಹೇಗೆ ನಡೆಸಿಕೊಳ್ಳಲಾಗುವುದೆಂಬುದಕ್ಕೆ ಇದೇ ಮುನ್ಸೂಚನೆ. ಹಾರ್ನಿಮನ್ ಅದನ್ನು ಬಲ್ಲವರಾಗಿಯೂ ಹಿಂದೆ ಸರಿಯಲಿಲ್ಲ.

ಪುರಭವನದ ಗದ್ದಲ

1918ರ ಡಿಸೆಂಬರ್ 11ರಂದು ಮುಂಬೈನ ಪುರಭವನದಲ್ಲಿ ಒಂದು ಸಭೆ ಏರ್ಪಾಡಾಗಿತ್ತು. ನಿರ್ಗಮಿಸಲಿದ್ದ ಗವರ್ನರ್ ವಿಲಿಂಗ್ಡನ್ ಪ್ರಭುವಿಗೆ ನಾಗರಿಕರ ಹೆಸರಿನಲ್ಲಿ ಸ್ಮಾರಕ ನಿರ್ಮಿಸುವುದು ಅದರ ಉದ್ದೇಶ. ಹೋಂರೂಲ್ ಚಳವಳಿಯನ್ನು ಹತ್ತಿಕ್ಕಿದ ಗವರ್ನರಿಗೆ ಮುಂಬೈನ ಜನರೆಲ್ಲರ ಪರವಾಗಿ ಗೌರವ ಸಲ್ಲಿಸಲು ಕೆಲವರಿಗೆ ಅಧಿಕಾರ ಕೊಟ್ಟವರಾರು ಎಂಬುದು ವಿರೋಧಿಗಳ ಪ್ರಶ್ನೆ. ಮಹಮ್ಮದಾಲಿ ಜಿನ್ನಾ ಅವರ ಮುಂದಾಳತ್ವದಲ್ಲಿ ಹಾರ್ನಿಮನ್ ಮೊದಲಾದವರು ಪ್ರತಿಭಟನೆಗೆ ನಿಂತರು. ಸಭೆ ಗದ್ದಲದಲ್ಲಿ ಮುಗಿಯಿತು, ಪೊಲೀಸರು ಬಲಪ್ರಯೋಗದಿಂದ ಭವನವನ್ನು ತೆರವುಗೊಳಿಸಿದರು. ಆ ಪುರಭವನವೇ ಇಂದಿನ ಏಷ್ಯಾಟಿಕ್ ಸೊಸೈಟಿಯ ಕಟ್ಟಡ. ಹಾರ್ನಿಮನ್ ಹೆಸರಿನ ಉದ್ಯಾನ ಇರುವುದು ಅದರ ಎದುರಿಗೇ.

ಮರುವರ್ಷ ರೌಲತ್ ಕಾಯ್ದೆ ಬಂತು. ಮಹಾಯುದ್ಧ ಮುಗಿದಿತ್ತು. ಯುದ್ಧಕಾಲದ ವಿಶೇಷಾಧಿಕಾರಗಳನ್ನು ಮಾತ್ರ ಸರ್ಕಾರ ಬಿಟ್ಟುಕೊಡಲು ಸಿದ್ಧವಿರಲಿಲ್ಲ. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಡುವ ಈ ಕಾಯ್ದೆಯನ್ನು ವಿರೋಧಿಸಲು 1919ರ ಫೆಬ್ರವರಿ 24ರಂದು ಸಾಬರಮತಿ ಆಶ್ರಮದಲ್ಲಿ ಗಾಂಧೀಜಿ ಸತ್ಯಾಗ್ರಹ ಪ್ರತಿಜ್ಞೆಯನ್ನು ರೂಪಿಸಿದರು. ಅದಕ್ಕೆ ಮೊದಲಿಗೆ ಸಹಿ ಹಾಕಿದವರಲ್ಲಿ ವಲ್ಲಭಭಾಯಿ ಪಟೇಲ್, ಸರೋಜಿನಿ ನಾಯ್ಡು, ಅನಸೂಯಾ ಸಾರಾಭಾಯಿ ಅವರೊಡನೆ ಹಾರ್ನಿಮನ್ ಕೂಡ ಇದ್ದರು. ಅನಂತರ ರೂಪುಗೊಂಡ ಸತ್ಯಾಗ್ರಹ ಸಭಾಕ್ಕೆ ಗಾಂಧೀಜಿ ಅಧ್ಯಕ್ಷರು, ಹಾರ್ನಿಮನ್ ಉಪಾಧ್ಯಕ್ಷರು. ಕಾನೂನನ್ನು ಶಾಂತಿಯುತವಾಗಿ ಮುರಿಯುತ್ತೇವೆ, ಶಿಕ್ಷೆಯನ್ನು ಅನುಭವಿಸುತ್ತೇವೆ ಎಂಬ ಪ್ರತಿಜ್ಞೆಗೆ ಆಂಗ್ಲನೊಬ್ಬ ಭಾರತದ ನೆಲದಲ್ಲಿ ಸಹಿ ಹಾಕಿದ್ದು ಸರ್ಕಾರದ ಕಣ್ಣಿಗೆ ಸಾಮಾನ್ಯ ಅಪರಾಧವಾಗಿ ಕಾಣಲಿಲ್ಲ.

ವಿಚಾರಣೆಯಿಲ್ಲದ ಶಿಕ್ಷೆ

ಏಪ್ರಿಲ್ 6ರಂದು ದೇಶದಾದ್ಯಂತ ಹರತಾಳ ನಡೆಯಿತು. ಏಪ್ರಿಲ್ 10ರಂದು ಪಂಜಾಬಿಗೆ ಹೊರಟಿದ್ದ ಗಾಂಧೀಜಿಯನ್ನು ದಾರಿಯಲ್ಲಿ ತಡೆದು ಮುಂಬೈಗೆ ಹಿಂದಿರುಗಿಸಲಾಯಿತು. ಅಹಮದಾಬಾದ್ ಮೊದಲಾದೆಡೆ ಹಿಂಸೆ ಭುಗಿಲೆದ್ದಿತು. ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡೈಯರ್‌ನ ಸೈನಿಕರು ನಿರಾಯುಧ ಜನರ ಮೇಲೆ ಗುಂಡಿನ ಮಳೆಗರೆದರು. ಪಂಜಾಬಿನಲ್ಲಿ ಸೈನಿಕ ಆಡಳಿತ ಜಾರಿಯಾಯಿತು, ಸುದ್ದಿಗೆ ಬೀಗ ಬಿತ್ತು. ಜನರು ಇನ್ನೂ ಅಹಿಂಸೆಯ ಶಿಸ್ತಿಗೆ ಸಿದ್ಧರಾಗಿಲ್ಲವೆಂದು ನೊಂದ ಗಾಂಧೀಜಿ ಏಪ್ರಿಲ್ 18ರಂದು ಕಾನೂನು ಭಂಗ ಚಳವಳಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು.

ಅದಾಗಿ ಎಂಟು ದಿನಗಳಿಗೆ, ಅಂದರೆ ಏಪ್ರಿಲ್ 26ರಂದು, ಗವರ್ನರ್ ಜಾರ್ಜ್ ಲಾಯ್ಡ್ ಅವರ ಸರ್ಕಾರ ಹಾರ್ನಿಮನ್ನರನ್ನು ಹಿಡಿದು ಇಂಗ್ಲೆಂಡಿಗೆ ಹೊರಟ ಹಡಗು ಹತ್ತಿಸಿತು. ಬಳಸಿದ್ದು ಯುದ್ಧಕಾಲದ ಭಾರತ ರಕ್ಷಣಾ ಕಾಯ್ದೆಯ ನಿಯಮಗಳನ್ನು. ದೋಷಾರೋಪ ಪಟ್ಟಿಯಿಲ್ಲ, ನ್ಯಾಯಾಲಯವಿಲ್ಲ, ವಕೀಲರಿಲ್ಲ. ದೆಹಲಿಯ ಬೀದಿಗಳಲ್ಲಿ ಸೈನಿಕರು ನಿಷಿದ್ಧ ಬಗೆಯ ಗುಂಡುಗಳನ್ನು ಬಳಸಿದರೆಂದು ಪತ್ರಿಕೆ ಬರೆದಿತ್ತು, ಅದರ ಪ್ರತಿಗಳನ್ನು ಬ್ರಿಟಿಷ್ ಸೈನಿಕರಿಗೆ ಹಂಚಿ ಅವಿಧೇಯತೆಗೆ ಪ್ರಚೋದಿಸಲಾಗುತ್ತಿತ್ತು ಎಂಬ ಅರ್ಥದ ಸಮರ್ಥನೆಯನ್ನು ಭಾರತ ಮಂತ್ರಿ ಮಾಂಟೆಗು ಮರುತಿಂಗಳು ಬ್ರಿಟಿಷ್ ಸಂಸತ್ತಿನ ಮುಂದಿಟ್ಟರು. ಈ ಆರೋಪ ನಿಜವೋ ಸುಳ್ಳೋ ಎಂಬುದನ್ನು ಒರೆಗೆ ಹಚ್ಚುವ ಅವಕಾಶವೇ ಆರೋಪಿಗೆ ದೊರೆಯಲಿಲ್ಲ. ಹಾರ್ನಿಮನ್ನರ ವಿರುದ್ಧ ಮೊಕದ್ದಮೆ ಹೂಡಿದ್ದರೆ ಅವರು ಮುಂಬೈನ ನ್ಯಾಯಾಲಯದಲ್ಲಿ ನಿಂತು ಉತ್ತರಿಸಬಹುದಿತ್ತು. ಆ ಉತ್ತರ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಹಡಗಿನಲ್ಲಿ ಕೂರಿಸಿದರೆ ಇಂಥ ತೊಡಕಿಲ್ಲ.

ಇದರಲ್ಲೊಂದು ವಿಚಿತ್ರವೂ ಇತ್ತು. ಭಾರತೀಯ ಮುಖಂಡನನ್ನು ಶಿಕ್ಷಿಸಬೇಕಾದರೆ ಅವನನ್ನು ಮಂಡಾಲೆಗೋ ಅಂಡಮಾನಿಗೋ ಕಳುಹಿಸಬೇಕಿತ್ತು. ಹಾರ್ನಿಮನ್ನರಿಗೆ ವಿಧಿಸಿದ ಶಿಕ್ಷೆಯೆಂದರೆ ಅವರನ್ನು ಸ್ವದೇಶಕ್ಕೆ ಕಳುಹಿಸುವುದು! ತಾನು ಹುಟ್ಟಿದ ನಾಡಿಗೆ ಮರಳುವುದೇ ಮನುಷ್ಯನಿಗೆ ಶಿಕ್ಷೆಯಾಗುವುದೆಂದರೆ ಅವನ ಬದುಕು ಎಲ್ಲಿ ಬೇರುಬಿಟ್ಟಿತ್ತೆಂಬುದು ಸರ್ಕಾರಕ್ಕೂ ತಿಳಿದಿತ್ತು.

ಗಾಂಧೀಜಿ ಸಂಪಾದಕರಾದದ್ದು

ಕ್ರಾನಿಕಲ್ ಮೇಲೆ ಪೂರ್ವಭಾವಿ ಸೆನ್ಸಾರ್ ಹೇರಲಾಯಿತು. ಪತ್ರಿಕೆಯ ಪ್ರಕಟಣೆ ಕೆಲಕಾಲ ನಿಂತುಹೋಯಿತು. ಜನರು ಉದ್ರಿಕ್ತರಾಗಬಹುದೆಂಬ ಆತಂಕದಿಂದ ಗಾಂಧೀಜಿ ಕರಪತ್ರಗಳ ಮೂಲಕ ಶಾಂತಿ ಕಾಯುವಂತೆ ಬೇಡಿಕೊಂಡರು. ಮೇ 11ರ ಭಾನುವಾರ ಉಪವಾಸ ಹಾಗೂ ಶಾಂತಿಯುತ ಹರತಾಳದ ಮೂಲಕ ದುಃಖ ವ್ಯಕ್ತಪಡಿಸಲು ಕರೆ ನೀಡಿದರು. ಗಿರಣಿ ಕಾರ್ಮಿಕರು ಮಾಲೀಕರ ಅನುಮತಿಯಿಲ್ಲದೆ ಕೆಲಸ ಬಿಡಕೂಡದೆಂಬ ಎಚ್ಚರಿಕೆಯನ್ನೂ ಕೊಟ್ಟರು. ಮುಂಬೈ ಅಂದು ಶಾಂತವಾಗಿತ್ತು.

ಈ ಗಡೀಪಾರಿನಿಂದ ಸರ್ಕಾರ ಎಣಿಸದಿದ್ದ ಫಲವೊಂದು ಹುಟ್ಟಿತು. ಕ್ರಾನಿಕಲ್ ನಿಂತ ಕೊರತೆಯನ್ನು ತುಂಬಲು ಉಮರ್ ಸೊಬಾನಿ ಮತ್ತು ಶಂಕರಲಾಲ್ ಬ್ಯಾಂಕರ್ ಅವರು ತಮ್ಮ ವಶದಲ್ಲಿದ್ದ ಯಂಗ್ ಇಂಡಿಯಾ ಎಂಬ ವಾರಪತ್ರಿಕೆಯನ್ನು ಗಾಂಧೀಜಿಯ ಕೈಗೆ ಒಪ್ಪಿಸಿದರು. 1919ರ ಮೇ ತಿಂಗಳಲ್ಲಿ ಅದು ವಾರಕ್ಕೆರಡು ಬಾರಿ ಹೊರಬರತೊಡಗಿತು. ಮುಂದೆ ದಶಕಕ್ಕೂ ಹೆಚ್ಚು ಕಾಲ ದೇಶಕ್ಕೆ ಗಾಂಧೀಜಿಯ ಮಾತನ್ನು ತಲುಪಿಸಿದ ಪತ್ರಿಕೆ ಇದೇ. ಒಬ್ಬ ಸಂಪಾದಕನ ಬಾಯಿ ಮುಚ್ಚಿಸಹೊರಟವರು ಅವನಿಗಿಂತ ದೊಡ್ಡ ಸಂಪಾದಕನನ್ನು ತಾವೇ ಕರೆತಂದಂತಾಯಿತು.

ಹಡಗಿನಲ್ಲಿ ಕಳುಹಿಸಿದ ವ್ಯಕ್ತಿಯೂ ಇಂಗ್ಲೆಂಡಿನಲ್ಲಿ ಸುಮ್ಮನೆ ಕೂರಲಿಲ್ಲ. ಪಂಜಾಬಿನ ದೌರ್ಜನ್ಯಗಳ ಬಗ್ಗೆ ಬ್ರಿಟಿಷ್ ಓದುಗರಿಗೆ ಸತ್ಯ ತಿಳಿಸುವುದನ್ನೇ ವ್ರತವಾಗಿಸಿಕೊಂಡರು. 1920ರಲ್ಲಿ ಅಮೃತಸರದ ಹತ್ಯಾಕಾಂಡ ಹಾಗೂ ಭಾರತದೆಡೆಗೆ ಇಂಗ್ಲೆಂಡಿನ ಕರ್ತವ್ಯವನ್ನು ಕುರಿತ ಅವರ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾರತದಲ್ಲಿ ಅಚ್ಚಾಗಲು ಬಿಡದ ಸುದ್ದಿ ಸಾಮ್ರಾಜ್ಯದ ರಾಜಧಾನಿಯಲ್ಲೇ ಅಚ್ಚಾಯಿತು.

ಏಳು ವರ್ಷಗಳ ಬಳಿಕ

ಭಾರತಕ್ಕೆ ಮರಳಲು ಅವರು ಮಾಡಿದ ಪ್ರಯತ್ನಗಳಿಗೆ ಪಾಸ್‌ಪೋರ್ಟ್ ನಿರಾಕರಣೆಯೇ ಉತ್ತರವಾಯಿತು. ಯುದ್ಧಕಾಲದ ಕಾಯ್ದೆ ಹೋದರೂ ಅದರಡಿ ಹೊರಗಟ್ಟಿದವನಿಗೆ ಬಾಗಿಲು ತೆರೆಯಲಿಲ್ಲ. ಈ ಅನ್ಯಾಯ ಬ್ರಿಟಿಷ್ ಸಂಸತ್ತಿನಲ್ಲಿಯೂ ಭಾರತದ ಶಾಸನಸಭೆಯಲ್ಲಿಯೂ ಚರ್ಚೆಗೆ ಬಂತು. ಇತ್ತ ಕ್ರಾನಿಕಲ್ 1920ರಿಂದ 1924ರವರೆಗೆ ಇನ್ನೊಬ್ಬ ಆಂಗ್ಲರಾದ ಮಾರ್ಮಡ್ಯೂಕ್ ಪಿಕ್ತಾಲ್ ಅವರ ಸಂಪಾದಕತ್ವದಲ್ಲಿ ತನ್ನ ಹಳೆಯ ದಾರಿಯಲ್ಲೇ ಸಾಗಿತ್ತು. ಕುರಾನಿನ ಆಂಗ್ಲ ಅನುವಾದದಿಂದ ಮುಂದೆ ಖ್ಯಾತರಾದವರು ಇವರೇ.

ಕೊನೆಗೆ 1926ರ ಜನವರಿಯಲ್ಲಿ ಹಾರ್ನಿಮನ್ ಭಾರತಕ್ಕೆ ಮರಳಿ ಮತ್ತೆ ಕ್ರಾನಿಕಲ್‌ನ ಸಂಪಾದಕರಾದರು. ಹೋಗುವಾಗ ನಲವತ್ತಾರರ ಆಸುಪಾಸಿನಲ್ಲಿದ್ದವರು ಬರುವಾಗ ಐವತ್ತು ದಾಟಿದ್ದರು. ರಾಜಕೀಯದ ಮುಂಚೂಣಿ ಬದಲಾಗಿತ್ತು. ಅವರ ಹಳೆಯ ಸಂಗಾತಿ ಜಿನ್ನಾ ಕಾಂಗ್ರೆಸ್‌ನಿಂದ ದೂರ ಸರಿದಿದ್ದರು. ಹಾರ್ನಿಮನ್ ಸ್ವಂತ ಪತ್ರಿಕೆಯ ಸಾಹಸಕ್ಕೂ ಕೈಹಾಕಿದರು, ಇಂಡಿಯನ್ ನ್ಯಾಷನಲ್ ಹೆರಾಲ್ಡ್ ಹೆಸರಿನ ಆ ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. 1933ರಿಂದ ಬಾಂಬೆ ಸೆಂಟಿನೆಲ್ ಎಂಬ ಸಂಜೆ ಪತ್ರಿಕೆಯನ್ನು ಹನ್ನೆರಡು ವರ್ಷ ನಡೆಸಿದರು. ಅದರಲ್ಲಿನ ಅವರ ಚುಟುಕು ಅಂಕಣಕ್ಕಾಗಿಯೇ ಪತ್ರಿಕೆ ಕೊಳ್ಳುವವರಿದ್ದರು. 1941ರಲ್ಲಿ ರೂಸಿ ಕರಂಜಿಯಾ ಅವರು ಬ್ಲಿಟ್ಜ್ ವಾರಪತ್ರಿಕೆ ಆರಂಭಿಸಿದಾಗ ಬೆನ್ನಿಗೆ ನಿಂತ ಹಿರಿಯರಲ್ಲಿ ಹಾರ್ನಿಮನ್ ಒಬ್ಬರು.

ಅವರ ಕೈಕೆಳಗೆ ಪಳಗಿದ ಪತ್ರಕರ್ತರ ಸಂಖ್ಯೆ ದೊಡ್ಡದು. ಅವರಲ್ಲೊಬ್ಬರು ಪೋತನ್ ಜೋಸೆಫ್. ಕ್ರಾನಿಕಲ್‌ನಲ್ಲಿ ಹಾರ್ನಿಮನ್ನರ ಜೊತೆ ದುಡಿದ ಇವರು 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್‌ನ ಮೊದಲ ಸಂಪಾದಕರಾದರು. ಅಧಿಕಾರಕ್ಕೆ ಅಂಜದ ಆ ಪರಂಪರೆಯ ಒಂದು ಎಳೆ ಹೀಗೆ ಕರ್ನಾಟಕದ ಪತ್ರಿಕೋದ್ಯಮವನ್ನೂ ತಲುಪಿತು. ಅದೇ 1948ರಲ್ಲಿ ಹಾರ್ನಿಮನ್ ತೀರಿಕೊಂಡರು. ಭಾರತ ಸ್ವತಂತ್ರವಾದುದನ್ನು ಅವರು ಕಣ್ಣಾರೆ ಕಂಡಿದ್ದರು. ಐವತ್ತು ವರ್ಷಗಳ ಪತ್ರಿಕಾ ಬದುಕನ್ನು ಕುರಿತು ಬರೆಯತೊಡಗಿದ್ದ ನೆನಪುಗಳು ಪೂರ್ಣಗೊಳ್ಳಲಿಲ್ಲ.

ಹಾರ್ನಿಮನ್ನರ ಪ್ರಕರಣ ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ. ಪರದೇಶದಲ್ಲಿ ನೆಲೆಸಿದವನು ಅಲ್ಲಿನ ರಾಜಕೀಯ ಪ್ರತಿಭಟನೆಯಲ್ಲಿ ಪಾಲ್ಗೊಂಡರೆ ಅವನನ್ನು ಹೊರಗಟ್ಟಬಹುದೇ? ಅಮೆರಿಕದಲ್ಲಿ 2025ರಲ್ಲಿ ಪ್ಯಾಲೆಸ್ಟೀನ್ ಪರ ಪ್ರತಿಭಟನೆಗಳಲ್ಲಿ ಭಾಗವಹಿಸಿದ ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದುಪಡಿಸಿ ಗಡೀಪಾರಿಗೆ ಮುಂದಾದಾಗಲೂ ನ್ಯಾಯಾಲಯಗಳ ಮುಂದೆ ಬಂದದ್ದು ಇದೇ ಪ್ರಶ್ನೆ. ತನ್ನ ಗಡಿಯೊಳಗೆ ಯಾರಿರಬೇಕೆಂದು ನಿರ್ಧರಿಸುವ ಹಕ್ಕು ಪ್ರತಿಯೊಂದು ಸರ್ಕಾರಕ್ಕೂ ಇದೆ. ಆ ಹಕ್ಕನ್ನು ಅಪರಾಧ ತಡೆಯಲು ಬಳಸುವುದು ಬೇರೆ, ಮಾತು ತಡೆಯಲು ಬಳಸುವುದು ಬೇರೆ. ಇವೆರಡರ ನಡುವಿನ ಗೆರೆಯನ್ನು ಕಾಯಬೇಕಾದುದು ನ್ಯಾಯಾಲಯ. ಈಗಿನ ವಿದ್ಯಾರ್ಥಿಗಳಿಗೆ ನ್ಯಾಯಾಧೀಶರ ಬಾಗಿಲು ತಟ್ಟುವ ದಾರಿಯಾದರೂ ಇತ್ತು. 1919ರಲ್ಲಿ ಹಾರ್ನಿಮನ್ನರಿಗೆ ಅದೂ ಇರಲಿಲ್ಲ.

ಮುಂಬೈಗೆ ಹೋದಾಗ ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲುಗಳ ಮೇಲೆ ಒಂದು ಕ್ಷಣ ನಿಂತು ಎದುರಿನ ಉದ್ಯಾನವನ್ನು ನೋಡಿ. ನಗರದಿಂದ ಹೊರಗಟ್ಟಿಸಿಕೊಂಡ ವ್ಯಕ್ತಿಯೊಬ್ಬನ ಹೆಸರನ್ನು ಆ ನಗರ ತನ್ನ ನಡುಮಧ್ಯದಲ್ಲಿ ಇಂದಿಗೂ ಉಳಿಸಿಕೊಂಡಿದೆ.