ಶೇಷಾದ್ರಿ ಅಯ್ಯರ್ ಮತ್ತು ತೊಂಬತ್ತೆರಡು ಮೈಲಿಯ ತಂತಿ

ಮೈಸೂರಿನ ದಿವಾನರೆಂದೊಡನೆ ನಮ್ಮ ಗದಗ-ಬೆಟಗೇರಿಯವರ ಬಾಯಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬರುವುದು ಸಹಜ. ಅವರಿಗಿಂತ ಮೊದಲು ಹದಿನೆಂಟು ವರ್ಷ ಆ ಪದವಿಯಲ್ಲಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆಗ ಗದಗು ಮುಂಬಯಿ ಇಲಾಖೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ ಇದ್ದುದರಿಂದ ಮೈಸೂರು ನಮಗೆ ಪರಸ್ಥಳವೇ ಆಗಿತ್ತು.

ಅವರು 1845ರಲ್ಲಿ ಪಾಲಕ್ಕಾಡಿನ ಬಳಿ ಹುಟ್ಟಿ, ಮದರಾಸಿನಲ್ಲಿ ಓದಿ, 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ರಂಗಾಚಾರ್ಲು ಅವರು ತೀರಿಕೊಂಡ ಬಳಿಕ 1883ರಲ್ಲಿ ದಿವಾನರಾದರು. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ಬಂದದ್ದೂ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆರಂಭವಾದದ್ದೂ ಅವರ ಕಾಲದಲ್ಲಿಯೇ. ಇವನ್ನೆಲ್ಲ ಬದಿಗಿಟ್ಟು ಅವರ ಒಂದೇ ಸಾಹಸವನ್ನು ನಾನಿಲ್ಲಿ ಹೇಳಬಯಸುತ್ತೇನೆ.

ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಉರುವಲಿನ ಖರ್ಚು ಹೇರಳ. ಇತ್ತ ಶಿವನಸಮುದ್ರದಲ್ಲಿ ಕಾವೇರಿ ವ್ಯರ್ಥವಾಗಿ ಧುಮುಕುತ್ತಿದ್ದಳು. ಅಲ್ಲಿ ವಿದ್ಯುತ್ತನ್ನು ಹುಟ್ಟಿಸಿ ಗಣಿಗೆ ಒಯ್ಯಬಹುದೆಂದು ಸಂಸ್ಥಾನದ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಯೋಜನೆ ಮಾಡಿದರು. ನಡುವಿನ ದೂರ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರು.

ಕಲಾ ವಿಭಾಗದವನಾದ ನನಗೆ ಈ ದೂರದ ಕಷ್ಟ ಪುಸ್ತಕದಿಂದ ತಿಳಿದುದಲ್ಲ. ಮುಂಡರಗಿ ತಾಲೂಕಿನ ಹೊಳೆದಂಡೆಯಲ್ಲಿರುವ ನಮ್ಮ ಹೊಲದ ಪಂಪು ಲೈನಿನ ಕಟ್ಟಕಡೆಯದು. ವೋಲ್ಟೇಜು ಇಳಿದಾಗ ಮೋಟಾರು ಗುಂಯ್‌ಗುಡುತ್ತದೆ, ನೀರೆತ್ತುವುದಿಲ್ಲ. ಕೆಲವೇ ಫರ್ಲಾಂಗಿನಲ್ಲಿ ಹೀಗಾದರೆ 92 ಮೈಲಿಯಲ್ಲಿ ಏನಾಗಬೇಕು?

ಇದರ ಲೆಕ್ಕ ಹೈಸ್ಕೂಲಿನಲ್ಲಿ ಕಲಿತದ್ದೇ. ತಂತಿಯಲ್ಲಿ ಇಳಿದ ವೋಲ್ಟುಗಳನ್ನು ಪ್ರವಾಹದ ಆಂಪಿಯರುಗಳಿಂದ ಭಾಗಿಸಿದರೆ ತಂತಿಯ ರೋಧ, ಓಮುಗಳಲ್ಲಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಶಕ್ತಿ, ವಾಟುಗಳಲ್ಲಿ. ಗಣಿಗೆ ಮೊದಲು ಬೇಕಾದದ್ದು ಸುಮಾರು 4,000 ಕುದುರೆ ಶಕ್ತಿ, ಎಂದರೆ 3,000 ಕಿಲೋವಾಟಿನಷ್ಟು. ಮಾರ್ಗದ ರೋಧ 10 ಓಮೆಂದು ಸುಮ್ಮನೆ ಇಟ್ಟುಕೊಳ್ಳೋಣ. (ನಿಜವಾದ ಮೂರು ತಂತಿಯ ಪದ್ಧತಿಯ ಲೆಕ್ಕ ಬೇರೆ, ವಿಜ್ಞಾನದ ಮಿತ್ರರು ಕ್ಷಮಿಸಬೇಕು.) 3,000 ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ 1,000 ಆಂಪಿಯರು. ಅದು 10 ಓಮಿನಲ್ಲಿ ಹರಿಯಲು 10,000 ವೋಲ್ಟು ಬೇಕು. ತಂತಿಯನ್ನು ಕಾಯಿಸುವುದಕ್ಕೇ 10,000 ಕಿಲೋವಾಟು! ಹುಟ್ಟಿದ್ದರ ಮೂರು ಪಟ್ಟಿಗೂ ಹೆಚ್ಚು. ಗಣಿಗೆ ಏನೂ ಮುಟ್ಟದು. ಅದನ್ನೇ 30,000 ವೋಲ್ಟಿಗೆ ಏರಿಸಿದರೆ ಪ್ರವಾಹ 100 ಆಂಪಿಯರಿಗೆ ಇಳಿಯುತ್ತದೆ. ಆಗ ದಾರಿಯಲ್ಲಿ ಬೀಳುವುದು 1,000 ವೋಲ್ಟು, ಕಳೆಯುವುದು ಬರೀ 100 ಕಿಲೋವಾಟು. ಆದುದರಿಂದಲೇ ಶಿವನಸಮುದ್ರದ ಮಾರ್ಗಕ್ಕೆ 30,000ಕ್ಕೂ ಮೇಲ್ಪಟ್ಟ ವೋಲ್ಟೇಜನ್ನು ಆರಿಸಿದರು.

ಲೆಕ್ಕ ಕಾಗದದ ಮೇಲೆ ಸರಿಯಿತ್ತು, ನಿಜ. ಆದರೆ ಅಷ್ಟು ದೂರ ಅಷ್ಟು ವೋಲ್ಟೇಜಿನಲ್ಲಿ ಶಕ್ತಿ ಸಾಗಿಸಿದವರು ಆಗ ಜಗತ್ತಿನಲ್ಲಿಯೇ ವಿರಳ. 1894ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ತೀರಿಕೊಂಡಿದ್ದರು. ಯುವರಾಜರು ಚಿಕ್ಕವರಾದುದರಿಂದ ಮಹಾರಾಣಿಯವರು ರಾಜಪ್ರತಿನಿಧಿಯಾಗಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಂಥ ಹೊತ್ತಿನಲ್ಲಿ ಸಂಸ್ಥಾನದ ಬೊಕ್ಕಸವನ್ನು ಆ ಅಂಕಿಗಳ ಮೇಲೆ ಪಣವಿಡುವ ಹೊಣೆ ದಿವಾನರದಾಗಿತ್ತು. ಅವರು ಇಂಜಿನಿಯರಲ್ಲ, ಇಂಜಿನಿಯರನನ್ನು ನಂಬಿದರು. ಲಾಟ್‌ಬಿನಿಯರರನ್ನು ಇಂಗ್ಲೆಂಡಿಗೂ ಅಮೇರಿಕಕ್ಕೂ ಕಳಿಸಿದರು, ಅಮೇರಿಕದ ಜನರಲ್ ಇಲೆಕ್ಟ್ರಿಕ್ ಕಂಪನಿಯಿಂದ ಯಂತ್ರಗಳನ್ನು ತರಿಸಿದರು. ಅಣೆಕಟ್ಟು ಕಟ್ಟುವುದಕ್ಕಿಂತ ಇದು ದೊಡ್ಡ ಧೈರ್ಯವೆಂದು ನನಗೆ ತೋರುತ್ತದೆ. ಕಟ್ಟಿದ ಕಲ್ಲು ಕಣ್ಣಿಗೆ ಕಾಣುತ್ತದೆ, ತಂತಿಯೊಳಗಿನದು ಕಾಣುವುದಿಲ್ಲ.

ಆರೋಗ್ಯ ಕೆಟ್ಟು ಅವರು 1901ರಲ್ಲಿ ಪದವಿಯನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕಾವೇರಿಯ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿದ್ದು 1902ರ ಜೂನ್ ತಿಂಗಳಲ್ಲಿ. ಬೆಂಗಳೂರಿನ ಬೀದಿಗಳಿಗೆ ದೀಪ 1905ರಲ್ಲಿ ಬಂದಿತು.